ಜಾಲಪುಟದ ವಿಳಾಸ ಬರೆದರೆ ಉಲ್ಲೇಖ ಮುಗಿಯಿತೇ?

ಪ್ರಶ್ನೆ: ನಾನು ಪಿಎಚ್.ಡಿ. ಮಹಾಪ್ರಬಂಧದ ಕೊನೆಯ ಹಂತದಲ್ಲಿದ್ದೇನೆ. ನನ್ನ ಆಕರಸೂಚಿಯಲ್ಲಿ ಸುಮಾರು 60 ಜಾಲಪುಟಗಳಿವೆ. ಓದುವಾಗ ಹೆಚ್ಚಿನವಕ್ಕೆ ಬರೀ ಲಿಂಕ್ ಬರೆದಿಟ್ಟುಕೊಂಡಿದ್ದೆ. ಮಾರ್ಗದರ್ಶಕರು ಅವನ್ನೆಲ್ಲ ಸರಿಪಡಿಸಿ ತರುವಂತೆ ಅಧ್ಯಾಯಗಳನ್ನು ಹಿಂದಿರುಗಿಸಿದ್ದಾರೆ. ಈಗ ನೋಡಿದರೆ ಕೆಲವು ಲಿಂಕ್‌ಗಳು ತೆರೆಯುವುದೇ ಇಲ್ಲ. ಕೆಲವು ಪುಟಗಳಲ್ಲಿ ಲೇಖಕರ ಹೆಸರಾಗಲಿ ದಿನಾಂಕವಾಗಲಿ ಇಲ್ಲ. ಇವನ್ನು ಹೇಗೆ ಬರೆಯಬೇಕು? ನೋಡಿದ ದಿನಾಂಕ ಕಡ್ಡಾಯವೇ? ತೆರೆಯದ ಲಿಂಕ್‌ಗಳನ್ನು ಏನು ಮಾಡಲಿ? ಜಾಲಪುಟಗಳನ್ನು ಉಲ್ಲೇಖಿಸದೇ ಇರುವುದೇ ಕ್ಷೇಮವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಲ್ಲೇಖಿಸದೇ ಇರುವುದು ಕ್ಷೇಮವಲ್ಲ. ಓದಿ, ಅದರಿಂದ ಪಡೆದುಕೊಂಡು, ಪಡೆದ ಮೂಲವನ್ನು ಹೇಳದೇ ಬಿಟ್ಟರೆ ಅದು ಕೃತಿಚೌರ್ಯದ ಸಾಲಿಗೇ ಸೇರುತ್ತದೆ. ಇನ್ನೊಂದು ಕಡೆ, ಇಂದು ಎಷ್ಟೋ ಆಕರಗಳು ಜಾಲದಲ್ಲಿ ಮಾತ್ರ ಇವೆ. ಸಂಸ್ಥೆಗಳ ಪ್ರಕಟಣೆಗಳು, ಅಂಕಿಅಂಶಗಳ ಕೋಷ್ಟಕಗಳು, ತಂತ್ರಾಂಶಗಳ ಕೈಪಿಡಿಗಳು, ಸಾರ್ವಜನಿಕ ಚರ್ಚೆಗಳು ಅಚ್ಚಿನ ರೂಪಕ್ಕೆ ಬರುವುದೇ ಇಲ್ಲ. ಅವನ್ನು ಬಿಟ್ಟು ಬರೆದರೆ ಸಂಶೋಧನೆಯೇ ಬಡವಾಗುತ್ತದೆ. ಆದ್ದರಿಂದ ಜಾಲಪುಟವನ್ನು ಧೈರ್ಯವಾಗಿ ಉಲ್ಲೇಖಿಸಿ, ಆದರೆ ಪುಸ್ತಕವನ್ನು ಉಲ್ಲೇಖಿಸಿದಷ್ಟು ನಿಶ್ಚಿಂತೆಯಿಂದ ಉಲ್ಲೇಖಿಸಬೇಡಿ.

ಪುಸ್ತಕಕ್ಕೂ ಜಾಲಪುಟಕ್ಕೂ ಇರುವ ವ್ಯತ್ಯಾಸವನ್ನು ಒಮ್ಮೆ ನಿಂತು ಯೋಚಿಸಬೇಕು. ಪುಸ್ತಕವೊಂದರ ಎರಡನೆಯ ಮುದ್ರಣದ 143ನೇ ಪುಟ ಎಂದು ಬರೆದರೆ, ಆ ಮುದ್ರಣದ ಯಾವ ಪ್ರತಿಯನ್ನು ಯಾವ ಗ್ರಂಥಾಲಯದಲ್ಲಿ ತೆರೆದರೂ 143ನೇ ಪುಟದಲ್ಲಿ ಅದೇ ಮಾತುಗಳಿರುತ್ತವೆ, ಮತ್ತು ಲೇಖಕರೇ ಮನಸ್ಸು ಬದಲಿಸಿದರೂ ಆ ಪ್ರತಿಗಳನ್ನು ಅವರು ತಿದ್ದಲಾರರು. ಜಾಲಪುಟದ ಸ್ಥಿತಿ ಹಾಗಲ್ಲ. ಅದನ್ನು ನಡೆಸುವವರ ಕೈಯಲ್ಲಿ ಇರುವುದೇ ಮೂಲ. ಅವರು ಇಂದು ಬೆಳಿಗ್ಗೆ ಒಂದು ವಾಕ್ಯ ತೆಗೆದರೆ ಜಗತ್ತಿನ ಎಲ್ಲ ಓದುಗರಿಗೂ ಅದು ಆ ಕ್ಷಣದಿಂದಲೇ ಇಲ್ಲ. ಯುಆರ್‌ಎಲ್ ಎಂಬುದು ಎಲ್ಲಿ ನೋಡಬೇಕೆಂದು ಹೇಳುತ್ತದೆಯೇ ಹೊರತು ನೀವು ಅಲ್ಲಿ ಏನನ್ನು ನೋಡಿದಿರಿ ಎಂಬುದನ್ನು ಹೇಳುವುದಿಲ್ಲ. ಹಾಗಾಗಿ ಬರೀ ಲಿಂಕ್ ಇರುವ ಟಿಪ್ಪಣಿಯನ್ನು ಉಲ್ಲೇಖ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಅದು ಮನೆಯ ವಿಳಾಸ ಕೊಟ್ಟು, ಯಾರನ್ನು ಕಾಣಬೇಕೆಂದು ಹೇಳದೆ ಕಳುಹಿಸಿದಂತೆ.

ಈ ಮಾತು ಎಷ್ಟು ಗಂಭೀರ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿಡಿಯೊ ಗೇಮ್‌ಗಳ ಮಾರಾಟಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ತೀರ್ಪು ನೀಡಿತು. ಅದರಲ್ಲಿ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಅವರು ಪ್ರತ್ಯೇಕವಾಗಿ ಬರೆದ ಅಭಿಪ್ರಾಯದ ಅಡಿಟಿಪ್ಪಣಿಯಲ್ಲಿ ಒಂದು ಜಾಲತಾಣದ ವಿಳಾಸವಿತ್ತು. ಮುಂದೆ ಆ ಡೊಮೇನ್ ಬೇರೆಯವರ ಕೈಸೇರಿತು. ಅವರು ಅಲ್ಲಿ, ಈ ಪುಟವನ್ನು ಸುಪ್ರೀಂ ಕೋರ್ಟಿನ ವರದಿಗಳಲ್ಲಿ ನೀವು ಉಲ್ಲೇಖಿಸಲಿಲ್ಲವಲ್ಲ, ಸಂತೋಷಪಡಿ ಎಂಬರ್ಥದ ಒಂದು ಸಂದೇಶವನ್ನು ಬರೆದಿಟ್ಟರು. ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪಿನಿಂದ ಆಧಾರ ಹುಡುಕಿಕೊಂಡು ಹೋದ ಓದುಗನಿಗೆ ಸಿಕ್ಕಿದ್ದು ಆ ಸಂದೇಶ. ಇಂದು ಆ ನ್ಯಾಯಾಲಯ ತನ್ನ ತೀರ್ಪುಗಳಲ್ಲಿ ಉಲ್ಲೇಖಗೊಂಡ ಜಾಲಪುಟಗಳ ಪ್ರತಿಗಳನ್ನು ತನ್ನ ತಾಣದಲ್ಲಿಯೇ ಇರಿಸುತ್ತದೆ.

ಇದು ಅಪರೂಪದ ಪ್ರಸಂಗ ಎಂದುಕೊಳ್ಳಬೇಡಿ. ಹಾರ್ವರ್ಡ್‌ನ ಜೊನಾಥನ್ ಝಿಟ್ರೇನ್, ಲಾರೆನ್ಸ್ ಲೆಸಿಗ್ ಮತ್ತು ಅವರ ಸಹಲೇಖಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರು ಪರಿಶೀಲಿಸಿದ ಕಾನೂನು ನಿಯತಕಾಲಿಕಗಳಲ್ಲಿದ್ದ ಲಿಂಕ್‌ಗಳ ಪೈಕಿ ಶೇಕಡಾ 70ಕ್ಕಿಂತ ಹೆಚ್ಚಿನವು ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿದ್ದ ಲಿಂಕ್‌ಗಳ ಪೈಕಿ ಶೇಕಡಾ 50ರಷ್ಟು, ಮೊದಲು ಉಲ್ಲೇಖಿಸಿದ ಮಾಹಿತಿಯತ್ತ ಓದುಗನನ್ನು ಒಯ್ಯುತ್ತಿರಲಿಲ್ಲ. ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ವರದಿ ಮಾಡಿದಂತೆ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ಬಳಿಕ ಲಭ್ಯವಿರಲಿಲ್ಲ. ಮಹಾಪ್ರಬಂಧವೊಂದನ್ನು ಬರೆದು ಮುಗಿಸಲು ನಾಲ್ಕೈದು ವರ್ಷ ಬೇಕು. ಮೊದಲ ವರ್ಷ ಓದಿದ ಪುಟಗಳಲ್ಲಿ ಕೆಲವು ಮೌಖಿಕ ಪರೀಕ್ಷೆಯ ದಿನದೊಳಗೆ ಕಣ್ಮರೆಯಾಗಿರುತ್ತವೆ ಎಂಬುದನ್ನು ಖಚಿತವೆಂದೇ ಭಾವಿಸಿ ಕೆಲಸ ಮಾಡಬೇಕು.

ಪುಟ ಸಿಗದೇ ಹೋಗುವುದು ಒಂದು ಬಗೆಯ ತೊಂದರೆ. ಅದಕ್ಕಿಂತ ಕೆಟ್ಟದ್ದು, ಪುಟ ತೆರೆದುಕೊಳ್ಳುತ್ತದೆ, ಆದರೆ ಒಳಗಿನ ಮಾತು ಬದಲಾಗಿರುತ್ತದೆ. ಸತ್ತ ಲಿಂಕ್ ತಾನು ಸತ್ತಿರುವುದನ್ನಾದರೂ ತಿಳಿಸುತ್ತದೆ. ಬದಲಾದ ಪುಟ ಏನನ್ನೂ ತಿಳಿಸುವುದಿಲ್ಲ. ಹಲವು ವರ್ಷಗಳ ಹಿಂದೆ ನಾನು ಒಂದು ಲೇಖನದಲ್ಲಿ ಸಂಸ್ಥೆಯೊಂದರ ಪುಟದಿಂದ ಒಂದು ಅಂಕಿಯನ್ನು ತೆಗೆದುಕೊಂಡಿದ್ದೆ. ಲೇಖನ ಅಚ್ಚಾಗಿ ಬರುವ ಹೊತ್ತಿಗೆ ಆ ಸಂಸ್ಥೆ ಯಾವ ಸೂಚನೆಯನ್ನೂ ನೀಡದೆ ಅಂಕಿಯನ್ನು ತಿದ್ದಿತ್ತು. ಓದುಗರೊಬ್ಬರು ಪುಟವನ್ನು ತೆರೆದು ನೋಡಿ, ನಾನು ತಪ್ಪಾಗಿ ನಕಲು ಮಾಡಿದ್ದೇನೆಂದು ಸಂಪಾದಕರಿಗೆ ಪತ್ರ ಬರೆದರು. ನಾನು ಓದಿದ್ದು ಬೇರೆಯೇ ಎಂದು ತೋರಿಸಲು ನನ್ನಲ್ಲಿ ಪುಟದ ಪ್ರತಿ ಇರಲಿಲ್ಲ. ನೋಡಿದ ದಿನಾಂಕವನ್ನೂ ನಾನು ಬರೆದಿರಲಿಲ್ಲ. ಸಂಪಾದಕರು ನನ್ನ ಮಾತನ್ನು ನಂಬಿದರು, ಆದರೆ ಸಂಶೋಧನೆಯಲ್ಲಿ ನಂಬಿಕೆಯ ಮೇಲೆ ನಡೆಯುವಂಥ ಸ್ಥಿತಿ ಬರಬಾರದು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ: ಉಲ್ಲೇಖವನ್ನು ಆಕರಸೂಚಿ ಬರೆಯುವ ದಿನ ಸಿದ್ಧಪಡಿಸುವುದಿಲ್ಲ, ಪುಟವನ್ನು ಓದಿದ ದಿನವೇ ಸಿದ್ಧಪಡಿಸುತ್ತೇನೆ. ಈ ಉತ್ತರದಲ್ಲಿ ಬೇರೆ ಯಾವುದನ್ನು ಮರೆತರೂ ಇದೊಂದನ್ನು ಮರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ನಿಮ್ಮ 60 ನಮೂದುಗಳಿಗೆ ಬರೋಣ. ಪ್ರತಿಯೊಂದರ ಮುಂದೆಯೂ ಮೊದಲು ಕೇಳಿಕೊಳ್ಳಬೇಕಾದ್ದು, ಇದು ನಿಜವಾಗಿ ಜಾಲಪುಟವೇ ಎಂಬುದು. ನಾನು ಪರಿಶೀಲಿಸಿದ ಮಹಾಪ್ರಬಂಧಗಳಲ್ಲಿ ‘ಜಾಲಪುಟಗಳು’ ಎಂಬ ತಲೆಬರಹದ ಕೆಳಗೆ ಬರುವ ನಮೂದುಗಳಲ್ಲಿ ಎಷ್ಟೋ ಜಾಲಪುಟಗಳೇ ಆಗಿರುವುದಿಲ್ಲ. ಜಾಲದಲ್ಲಿ ಓದಿದ ಸಂಶೋಧನಾ ಲೇಖನ ಲೇಖನವೇ. ಅದಕ್ಕೆ ನಿಯತಕಾಲಿಕದ ಹೆಸರು, ಸಂಪುಟ, ಸಂಚಿಕೆ, ಪುಟಸಂಖ್ಯೆ ಬೇಕು. ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡ ವರದಿ ವರದಿಯೇ. ಅದರ ಮುಖಪುಟದಲ್ಲಿ ಶೀರ್ಷಿಕೆ, ಸಂಸ್ಥೆ, ವರ್ಷ ಎಲ್ಲವೂ ಇರುತ್ತವೆ, ಒಳಗೆ ಪುಟಸಂಖ್ಯೆಗಳೂ ಇರುತ್ತವೆ. ಹಳೆಯ ಪುಸ್ತಕದ ಸ್ಕ್ಯಾನ್ ಮಾಡಿದ ಪ್ರತಿಯನ್ನು ಓದಿದ್ದರೆ ಪುಸ್ತಕವನ್ನೇ ಉಲ್ಲೇಖಿಸಿ, ಸ್ಕ್ಯಾನ್ ಎಲ್ಲಿ ಸಿಕ್ಕಿತೆಂಬುದನ್ನು ಕೊನೆಯಲ್ಲಿ ಸೇರಿಸಿ. ಹೀಗೆ ವಿಂಗಡಿಸಿದಾಗ ನಿಮ್ಮ 60ರಲ್ಲಿ ಗಣನೀಯ ಪಾಲು ತಮ್ಮ ತಮ್ಮ ಜಾಗಕ್ಕೆ ಹೋಗಿ ಸೇರುತ್ತದೆ, ನಿಜವಾದ ಸಮಸ್ಯೆಯ ಗಾತ್ರ ಕಿರಿದಾಗುತ್ತದೆ.

ಸಂಶೋಧನಾ ಲೇಖನಗಳಿಗೆ ಡಿಒಐ ಸಂಖ್ಯೆ (ಲೇಖನಕ್ಕೆ ಕೊಡುವ ಶಾಶ್ವತ ಗುರುತುಸಂಖ್ಯೆ) ಇದ್ದರೆ ಅದನ್ನೇ ಕೊಡಿ, ಬೇರೆ ಲಿಂಕ್ ಬೇಡ. ಪ್ರತಿಯೊಂದು ಡಿಒಐ ಕೂಡ 10 ಎಂಬ ಅಂಕಿ ಮತ್ತು ಒಂದು ಚುಕ್ಕೆಯಿಂದ ಆರಂಭವಾಗುತ್ತದೆ. ಮೊದಲ ಭಾಗ ನೋಂದಾಯಿಸಿದವರನ್ನು, ಓರೆಗೆರೆಯ ನಂತರದ ಭಾಗ ಆ ನಿರ್ದಿಷ್ಟ ಲೇಖನವನ್ನು ಸೂಚಿಸುತ್ತದೆ. ಪ್ರಕಾಶಕರು ತಾಣವನ್ನು ಬದಲಿಸಿದಾಗ ಹೊಸ ವಿಳಾಸವನ್ನು ನೋಂದಣಿಯಲ್ಲಿ ತಿದ್ದುತ್ತಾರೆ. ನಿಮ್ಮ ಆಕರಸೂಚಿಯಲ್ಲಿರುವ ಸಂಖ್ಯೆ ಹಾಗೆಯೇ ಉಳಿದು, ಓದುಗನನ್ನು ಹೊಸ ಜಾಗಕ್ಕೆ ಕರೆದೊಯ್ಯುತ್ತದೆ. 2012ರಿಂದ ಇದು ಅಂತರರಾಷ್ಟ್ರೀಯ ಮಾನಕವೂ ಆಗಿದೆ. ಸಾಮಾನ್ಯ ಲಿಂಕ್‌ಗೆ ಇಂಥ ಹಿಂಬದಿಯ ಆಸರೆ ಯಾವುದೂ ಇಲ್ಲ.

ನಿಜವಾದ ಜಾಲಪುಟಗಳೆಂದು ಉಳಿದವಕ್ಕೆ ಲೇಖಕರು, ದಿನಾಂಕ, ಪುಟದ ಶೀರ್ಷಿಕೆ, ತಾಣದ ಹೆಸರು ಮತ್ತು ವಿಳಾಸ ಎಂಬ ಐದು ಸಂಗತಿಗಳು ಬೇಕು. ಲಿಂಕ್ ಸತ್ತ ಮೇಲೂ ಕೆಲಸಕ್ಕೆ ಬರುವವು ಮೊದಲ ನಾಲ್ಕು. ಶೀರ್ಷಿಕೆಯನ್ನೋ ಲೇಖಕರ ಹೆಸರನ್ನೋ ಹಿಡಿದು ಓದುಗ ಪುಟವನ್ನು ಬೇರೆಡೆ ಹುಡುಕಬಲ್ಲ. ವಿಚಿತ್ರವೆಂದರೆ ವಿದ್ಯಾರ್ಥಿಗಳು ಬಿಡುವುದು ಈ ನಾಲ್ಕನ್ನು, ಜೋಪಾನ ಮಾಡುವುದು ಐದನೆಯದನ್ನು.

ಲೇಖಕರ ಹೆಸರು ಇಲ್ಲ ಎಂದು ತೀರ್ಮಾನಿಸುವ ಮೊದಲು ಪುಟದ ತಳಭಾಗವನ್ನು, ‘ನಮ್ಮ ಬಗ್ಗೆ’ ಎಂಬ ಪುಟವನ್ನು ನೋಡಿ. ವ್ಯಕ್ತಿಯ ಹೆಸರು ಸಿಗದಿದ್ದರೆ ಪುಟದ ಹೊಣೆ ಹೊತ್ತ ಸಂಸ್ಥೆಯೇ ಲೇಖಕ ಸ್ಥಾನಕ್ಕೆ ಬರುತ್ತದೆ. ಆಗ ತಾಣದ ಹೆಸರೂ ಅದೇ ಆಗಿದ್ದರೆ ಎರಡನೆಯ ಬಾರಿ ಬರೆಯುವ ಅಗತ್ಯವಿಲ್ಲ. ‘ಅಡ್ಮಿನ್’ ಎಂದು ಕಾಣುವುದು ಲೇಖಕರ ಹೆಸರಲ್ಲ, ಪುಟವನ್ನು ಏರಿಸಿದ ಖಾತೆಯ ಹೆಸರು; ಅದನ್ನು ಆಕರಸೂಚಿಯಲ್ಲಿ ಬರೆಯಬೇಡಿ. ವ್ಯಕ್ತಿಯೂ ಇಲ್ಲ, ಸಂಸ್ಥೆಯೂ ಇಲ್ಲ ಎಂದಾದರೆ ನಮೂದನ್ನು ಶೀರ್ಷಿಕೆಯಿಂದ ಆರಂಭಿಸಬಹುದು. ಆದರೆ ಅಂಥ ಪುಟ ಎದುರಾದಾಗ ಬೇರೊಂದು ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು. ಯಾರೂ ಹೊಣೆ ಹೊರದ ಮಾತನ್ನು ನನ್ನ ವಾದಕ್ಕೆ ಆಧಾರವಾಗಿ ಏಕೆ ಇಟ್ಟುಕೊಳ್ಳುತ್ತಿದ್ದೇನೆ? ಹೆಚ್ಚಿನ ಸಂದರ್ಭಗಳಲ್ಲಿ ಆ ಪುಟ ಇನ್ನೆಲ್ಲಿಂದಲೋ ತೆಗೆದುಕೊಂಡ ಸಂಗತಿಯನ್ನೇ ಹೇಳುತ್ತಿರುತ್ತದೆ, ಸ್ವಲ್ಪ ಹುಡುಕಿದರೆ ಮೂಲವೇ ಸಿಗುತ್ತದೆ.

ದಿನಾಂಕದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಒಂದೇ ಪುಟದಲ್ಲಿ ಮೂರು ನಾಲ್ಕು ದಿನಾಂಕಗಳು ಕಾಣುತ್ತವೆ ಮತ್ತು ಅವು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ. ತಲೆಯ ಭಾಗದಲ್ಲಿ ಇಂದಿನ ದಿನಾಂಕ ತಾನಾಗಿಯೇ ಮೂಡುತ್ತಿರಬಹುದು. ಅದಕ್ಕೂ ಬರಹಕ್ಕೂ ಸಂಬಂಧವಿಲ್ಲ. ತಳಭಾಗದಲ್ಲಿ ಹಕ್ಕುಸ್ವಾಮ್ಯದ ಚಿಹ್ನೆಯ ಪಕ್ಕದಲ್ಲಿರುವ ವರ್ಷ ಇಡೀ ತಾಣಕ್ಕೆ ಸೇರಿದ್ದು, ಅನೇಕ ತಾಣಗಳಲ್ಲಿ ಪ್ರತಿ ಜನವರಿಯಲ್ಲಿ ತಾನೇ ಬದಲಾಗುತ್ತದೆ. ಅದನ್ನು ಬರಹದ ವರ್ಷವೆಂದು ತೆಗೆದುಕೊಂಡು 2009ರ ಲೇಖನಕ್ಕೆ 2024 ಎಂದು ಬರೆದ ಪ್ರಬಂಧಗಳನ್ನು ನಾನು ಕಂಡಿದ್ದೇನೆ. ‘ಕೊನೆಯ ಪರಿಷ್ಕರಣೆ’ ಎಂದು ಬರೆದ ದಿನಾಂಕ ಉಪಯುಕ್ತ, ಆದರೆ ಪರಿಷ್ಕರಿಸಿದ್ದು ಬರಹವನ್ನೋ ಪಕ್ಕದ ಚಿತ್ರವನ್ನೋ ಎಂಬುದನ್ನು ಅದು ಹೇಳುವುದಿಲ್ಲ. ಪ್ರಕಟಣೆಯ ದಿನಾಂಕ ಕಣ್ಣಿಗೆ ಕಾಣದಿದ್ದರೆ ಬ್ರೌಸರಿನಲ್ಲಿ ಪುಟದ ಮೂಲಸಂಕೇತವನ್ನು ತೆರೆದು ನೋಡಿ. ಸುದ್ದಿ ತಾಣಗಳಲ್ಲಿ ಮತ್ತು ಲೇಖನಗಳಲ್ಲಿ ಪ್ರಕಟವಾದ ದಿನ, ತಿದ್ದಿದ ದಿನ ಎರಡನ್ನೂ ಶೋಧಯಂತ್ರಗಳ ಅನುಕೂಲಕ್ಕಾಗಿ ಅಲ್ಲಿ ಬರೆದಿರುವುದು ಸಾಮಾನ್ಯ. ಅಲ್ಲಿಯೂ ಸಿಗದಿದ್ದರೆ ‘ದಿನಾಂಕವಿಲ್ಲ’ ಎಂದು ನೇರವಾಗಿ ಬರೆಯಿರಿ. ಊಹಿಸಿ ಬರೆದ ವರ್ಷಕ್ಕಿಂತ ದಿನಾಂಕವಿಲ್ಲ ಎಂಬ ಒಪ್ಪಿಗೆ ಎಷ್ಟೋ ಮೇಲು.

ನೋಡಿದ ದಿನಾಂಕ ಕಡ್ಡಾಯವೇ ಎಂದು ಕೇಳಿದ್ದೀರಿ. ಉಲ್ಲೇಖ ಬರೆಯುವ ಕ್ರಮವನ್ನು ಹೇಳಿಕೊಡುವ ಶೈಲಿ ಕೈಪಿಡಿಗಳು ಈ ವಿಷಯದಲ್ಲಿ ಒಂದೇ ಮಾತು ಹೇಳುವುದಿಲ್ಲ, ಕೆಲವು ತಮ್ಮ ಮಾತನ್ನೇ ಬದಲಿಸಿಕೊಂಡಿವೆ. ಎಂಎಲ್‌ಎ (ಭಾಷೆ, ಸಾಹಿತ್ಯದ ವಿದ್ವಾಂಸರ ಅಮೆರಿಕದ ಸಂಘ) ಕೈಪಿಡಿಯ 2009ರ 7ನೇ ಆವೃತ್ತಿ ವಿಳಾಸವನ್ನು ಐಚ್ಛಿಕವಾಗಿಸಿ, ನೋಡಿದ ದಿನಾಂಕವನ್ನು ಕೇಳುತ್ತಿತ್ತು. 2016ರ 8ನೇ ಆವೃತ್ತಿ ವಿಳಾಸವನ್ನು ಮರಳಿ ತಂದು, ನೋಡಿದ ದಿನಾಂಕವನ್ನು ಐಚ್ಛಿಕವಾಗಿಸಿತು. ಎಪಿಎ (ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ) ಕೈಪಿಡಿಯ 7ನೇ ಆವೃತ್ತಿ, ಪುಟದ ವಿಷಯ ಆಗಾಗ ಬದಲಾಗುವಂಥದ್ದಾಗಿದ್ದರೆ ಮಾತ್ರ ನೋಡಿದ ದಿನಾಂಕ ಕೊಡಿ ಎನ್ನುತ್ತದೆ. ಷಿಕಾಗೊ ಶೈಲಿ, ಪುಟದಲ್ಲಿ ಪ್ರಕಟಣೆಯ ಅಥವಾ ಪರಿಷ್ಕರಣೆಯ ದಿನಾಂಕ ಇಲ್ಲದಿದ್ದಾಗ ಅದನ್ನು ಕೇಳುತ್ತದೆ. ನಿಮ್ಮ ವಿಶ್ವವಿದ್ಯಾಲಯ ಯಾವ ಶೈಲಿಯನ್ನು ನಿಗದಿ ಮಾಡಿದೆಯೋ ಅಂತಿಮ ಪ್ರತಿಯಲ್ಲಿ ಅದನ್ನೇ ಪಾಲಿಸಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಕೈಪಿಡಿ ಬೇಡವೆಂದರೂ ನಿಮ್ಮ ಟಿಪ್ಪಣಿಗಳಲ್ಲಿ ಪ್ರತಿಯೊಂದು ಪುಟಕ್ಕೂ ನೋಡಿದ ದಿನಾಂಕ ಇರಲೇಬೇಕು. ಬೇಡವಾದಾಗ ಅಳಿಸುವುದು ಸುಲಭ. ಬೇಕಾದಾಗ ಮೂರು ವರ್ಷದ ಹಿಂದಿನ ದಿನವನ್ನು ನೆನಪಿಸಿಕೊಳ್ಳಲಾಗದು. ಈಗ ಕುಳಿತು ಎಲ್ಲ ನಮೂದುಗಳಿಗೂ ಇಂದಿನ ದಿನಾಂಕವನ್ನು ಒಟ್ಟಾಗಿ ಹಾಕುವುದು ಮಾತ್ರ ಸುಳ್ಳು ದಾಖಲೆ. ಇಂದು ಮತ್ತೆ ತೆರೆದು ಓದಿ, ನೀವು ಬಳಸಿದ ಮಾತು ಇನ್ನೂ ಅಲ್ಲಿದೆ ಎಂದು ಕಂಡವಕ್ಕೆ ಮಾತ್ರ ಇಂದಿನ ದಿನಾಂಕ ಸಲ್ಲುತ್ತದೆ.

ಎಲ್ಲ ಅಂಶಗಳೂ ಕೂಡಿದ ನಮೂದು ಹೇಗಿರುತ್ತದೆಂದು ಒಂದು ನಿಜವಾದ ಪುಟವನ್ನೇ ಹಿಡಿದು ತೋರಿಸುತ್ತೇನೆ. ಜಾಲದ ಜನಕ ಟಿಮ್ ಬರ್ನರ್ಸ್-ಲೀ ಅವರು 1998ರಲ್ಲಿ, ಒಳ್ಳೆಯ ವಿಳಾಸ ಎಂದಿಗೂ ಬದಲಾಗದು ಎಂಬ ವಾದವನ್ನು ಮುಂದಿಟ್ಟು ಒಂದು ಪುಟ ಬರೆದರು. ಅದರ ನಮೂದು ಲೇಖಕ-ವರ್ಷ ಪದ್ಧತಿಯಲ್ಲಿ ಹೀಗಿರಬಹುದು: ‘ಬರ್ನರ್ಸ್-ಲೀ, ಟಿಮ್. 1998. “ಕೂಲ್ ಯುಆರ್‌ಐಸ್ ಡೋಂಟ್ ಚೇಂಜ್.” ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ.’ ಇದರ ಮುಂದೆ ಪುಟದ ವಿಳಾಸ, ನೋಡಿದ ದಿನಾಂಕ, ಸಂಗ್ರಹಪ್ರತಿಯ (ಬೇರೆ ತಾಣದಲ್ಲಿ ಉಳಿಸಿದ ಪುಟದ ನಕಲಿನ) ವಿಳಾಸ ಬರುತ್ತವೆ. ವಿಳಾಸವನ್ನು ಬೆರಳಿನಿಂದ ಮುಚ್ಚಿ ಓದಿದರೂ ಯಾವ ಬರಹ, ಯಾರದು, ಯಾವ ಕಾಲದ್ದು ಎಂಬುದು ತಿಳಿಯುತ್ತದೆ. ನಿಮ್ಮ ಎಲ್ಲ ನಮೂದುಗಳನ್ನೂ ಹೀಗೆಯೇ ವಿಳಾಸ ಮುಚ್ಚಿ ಪರೀಕ್ಷಿಸಬಹುದು. ಆ ಪುಟ ತಾನು ಬೋಧಿಸಿದ್ದನ್ನು ತಾನೇ ಪಾಲಿಸುತ್ತಾ ಇಂದಿಗೂ ಅದೇ ವಿಳಾಸದಲ್ಲಿದೆ ಎಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ.

ವಿಳಾಸವನ್ನು ಬರೆಯುವಾಗ ಶುದ್ಧಗೊಳಿಸಿ ಬರೆಯಬೇಕು. ಬೇರೆ ಕಡೆಯಿಂದ ಕ್ಲಿಕ್ ಮಾಡಿ ಬಂದ ಪುಟದ ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಉದ್ದನೆಯ ಬಾಲ ಇರುತ್ತದೆ. ನೀವು ಎಲ್ಲಿಂದ ಬಂದಿರಿ ಎಂಬುದನ್ನು ಲೆಕ್ಕ ಇಡಲು ಸೇರಿಸಿದ್ದು ಅದು. ಅದನ್ನು ಕತ್ತರಿಸಿ, ಉಳಿದ ಭಾಗವನ್ನು ಹೊಸ ಕಿಟಕಿಯಲ್ಲಿ ತೆರೆದು ನೋಡಿ. ಅದೇ ಪುಟ ಬಂದರೆ ಬಾಲ ಬೇಡ, ಬಾರದಿದ್ದರೆ ಅದು ವಿಳಾಸದ ಭಾಗವೇ ಎಂದರ್ಥ. ಗ್ರಂಥಾಲಯದ ಲಾಗಿನ್ ಮೂಲಕ ತೆರೆದ ಪುಟದ ವಿಳಾಸದಲ್ಲಿ ಗ್ರಂಥಾಲಯದ ಹೆಸರು ಸೇರಿಕೊಂಡಿರುತ್ತದೆ, ಹೊರಗಿನವರಿಗೆ ಅದು ತೆರೆಯುವುದಿಲ್ಲ. ಮೊಟಕುಗೊಳಿಸಿದ ಲಿಂಕ್‌ಗಳನ್ನು ಎಂದಿಗೂ ಬಳಸಬೇಡಿ. ಗೂಗಲ್‌ನಂಥ ದೊಡ್ಡ ಕಂಪನಿಯೇ ತನ್ನ ಲಿಂಕ್ ಮೊಟಕುಗೊಳಿಸುವ ಸೇವೆಯನ್ನು ನಿಲ್ಲಿಸುವುದಾಗಿ 2018ರಲ್ಲಿ ಘೋಷಿಸಿತು. ಕನ್ನಡ ಅಕ್ಷರಗಳಿರುವ ವಿಳಾಸಗಳದು ಮತ್ತೊಂದು ಕಥೆ. ಬ್ರೌಸರಿನಲ್ಲಿ ‘ಕನ್ನಡ’ ಎಂದು ಚೆನ್ನಾಗಿ ಕಾಣುವ ಪದವನ್ನು ನಕಲಿಸಿ ಅಂಟಿಸಿದಾಗ ಅದು ಶೇಕಡಾ ಚಿಹ್ನೆ, ಅಂಕಿ, ರೋಮನ್ ಅಕ್ಷರಗಳ ಸಾಲಾಗಿಬಿಡುತ್ತದೆ. ಯುನಿಕೋಡ್‌ನಲ್ಲಿ ಆ ಪದಕ್ಕೆ ಐದು ಸಂಕೇತಗಳಿವೆ (ಒತ್ತಕ್ಷರ ಮೂಡಿಸುವ ‘್’ ಚಿಹ್ನೆಯೂ ಒಂದು ಸಂಕೇತ), ಪ್ರತಿಯೊಂದಕ್ಕೂ ಮೂರು ಬೈಟ್, ಪ್ರತಿ ಬೈಟಿಗೂ ಮೂರು ಚಿಹ್ನೆ. ಹೀಗೆ ಮೂರಕ್ಷರದ ಪದ 45 ಚಿಹ್ನೆಗಳಾಗುತ್ತದೆ. ಎರಡೂ ರೂಪಗಳು ತಾಂತ್ರಿಕವಾಗಿ ಸರಿಯೇ. ಅಚ್ಚಿನ ಪ್ರತಿಯಲ್ಲಿ ಕನ್ನಡ ಲಿಪಿಯ ರೂಪವನ್ನೇ ಇಡಿ. ಓದುಗ ಕೈಯಾರೆ ಟೈಪ್ ಮಾಡಬಲ್ಲದ್ದು ಅದನ್ನು ಮಾತ್ರ.

ಸಂಗ್ರಹಪ್ರತಿ ಎಂದೆನಲ್ಲ, ಅದೇ ಈ ಇಡೀ ವಿಷಯದ ಜೀವಾಳ. 1996ರಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್ ಸಂಸ್ಥೆ 2001ರಿಂದ ವೇಬ್ಯಾಕ್ ಮಷಿನ್ ಎಂಬ ಸೇವೆಯನ್ನು ಸಾರ್ವಜನಿಕರಿಗೆ ಉಚಿತವಾಗಿ ನೀಡುತ್ತಿದೆ. ಪುಟದ ವಿಳಾಸವನ್ನು ಅಲ್ಲಿ ಕೊಟ್ಟು ಉಳಿಸುವಂತೆ ಕೇಳಿದರೆ ಆ ಕ್ಷಣದ ಪುಟದ ಪ್ರತಿಯೊಂದು ಸಂಗ್ರಹವಾಗಿ, ಅದಕ್ಕೆ ಪ್ರತ್ಯೇಕ ವಿಳಾಸ ಸಿಗುತ್ತದೆ. ಆ ವಿಳಾಸದ ಮಧ್ಯೆ 14 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಉದಾಹರಣೆಗೆ 20230714093005 ಎಂದಿದ್ದರೆ 2023ನೇ ವರ್ಷ, 07ನೇ ತಿಂಗಳು, 14ನೇ ದಿನಾಂಕ, 9 ಗಂಟೆ 30 ನಿಮಿಷ 5 ಸೆಕೆಂಡ್ ಎಂದು ಓದಿಕೊಳ್ಳಬೇಕು. ಕಾಲವು ಗ್ರಿನಿಚ್ ಲೆಕ್ಕದ್ದು. ಪುಸ್ತಕಕ್ಕೆ ಮುದ್ರಣದ ವರ್ಷ ಇದ್ದಂತೆ ಜಾಲಪುಟಕ್ಕೆ ಈ ಸಂಖ್ಯೆ. ಇಂಥ ಪ್ರತಿಯ ವಿಳಾಸವನ್ನು ಕೊಟ್ಟರೆ ನೀವು ಓದಿದ ಮಾತುಗಳನ್ನೇ ಓದುಗನೂ ಓದುತ್ತಾನೆ, ಮೂಲ ಪುಟ ಏನೇ ಆಗಲಿ.

ಉಳಿಸಿದ ಕೂಡಲೇ ಪ್ರತಿಯನ್ನು ತೆರೆದು, ನಿಮಗೆ ಬೇಕಾದ ವಾಕ್ಯ ಅಥವಾ ಕೋಷ್ಟಕ ಅದರಲ್ಲಿ ಕಾಣುತ್ತಿದೆಯೇ ಎಂದು ಕಣ್ಣಾರೆ ನೋಡಿ. ಲಾಗಿನ್ ಬೇಕಾದ ಪುಟಗಳು, ಗುಂಡಿ ಒತ್ತಿದ ಮೇಲೆ ತೆರೆದುಕೊಳ್ಳುವ ಭಾಗಗಳು, ನಕ್ಷೆಗಳು ಹಲವು ಬಾರಿ ಸರಿಯಾಗಿ ಸಂಗ್ರಹವಾಗುವುದಿಲ್ಲ. ಸಂಗ್ರಹಪ್ರತಿಯ ವಿಳಾಸದ ಜೊತೆಗೆ ಮೂಲ ವಿಳಾಸವನ್ನೂ ಕೊಡಿ, ಏಕೆಂದರೆ ಸಂಗ್ರಹಗಳೂ ಅಭೇದ್ಯವಲ್ಲ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯ ಕಾರಣ ವೇಬ್ಯಾಕ್ ಮಷಿನ್ ಕೆಲವು ದಿನ ಸ್ಥಗಿತಗೊಂಡಿತ್ತು. ಆದ್ದರಿಂದ ನಿಮ್ಮದೇ ಕಂಪ್ಯೂಟರಿನಲ್ಲಿ ಪುಟದ ಪಿಡಿಎಫ್ ಪ್ರತಿಯೊಂದನ್ನು ಇಟ್ಟುಕೊಳ್ಳಿ, ಮುದ್ರಿಸುವಾಗ ವಿಳಾಸ ಮತ್ತು ದಿನಾಂಕ ಅಂಚಿನಲ್ಲಿ ಮೂಡುವಂತೆ ಆಯ್ಕೆ ಮಾಡಿ. 2006ರಿಂದ ಉಚಿತವಾಗಿ ದೊರೆಯುತ್ತಿರುವ, ಆಕರಗಳನ್ನು ಸಂಗ್ರಹಿಸಿಡುವ ಝೊಟೆರೊ ತಂತ್ರಾಂಶವನ್ನು ಬಳಸಿದರೆ ಪುಟವನ್ನು ಉಳಿಸಿದಾಗ ಅದರ ಪ್ರತಿ, ನೋಡಿದ ದಿನಾಂಕ ಎರಡೂ ತಾವಾಗಿಯೇ ದಾಖಲಾಗುತ್ತವೆ; ಆದರೆ ಲೇಖಕರ ಮತ್ತು ಪ್ರಕಟಣೆಯ ವಿವರಗಳನ್ನು ಅದು ತುಂಬಿದಂತೆಯೇ ಬಿಡದೆ ನೀವೇ ಪರಿಶೀಲಿಸಬೇಕು.

ವಿಕಿಪೀಡಿಯದಂತೆ ಸದಾ ಬದಲಾಗುವ ಪುಟಗಳಿಗೆ ಒಂದು ಅನುಕೂಲವಿದೆ. ಪ್ರತಿಯೊಂದು ತಿದ್ದುಪಡಿಯೂ ಅಲ್ಲಿ ಇತಿಹಾಸದಲ್ಲಿ ಉಳಿಯುತ್ತದೆ, ಮತ್ತು ಆಯಾ ಆವೃತ್ತಿಗೆ ಸ್ಥಿರ ಕೊಂಡಿ ಸಿಗುತ್ತದೆ; ಉಲ್ಲೇಖಿಸಲೇಬೇಕಾದರೆ ಆ ಕೊಂಡಿಯನ್ನೇ ಕೊಡಿ. ವಿಶ್ವಕೋಶದ ಲೇಖನ ಮೂಲ ಆಕರವಲ್ಲ ಎಂಬ ಮಾತನ್ನು ನಿಮ್ಮ ಮಾರ್ಗದರ್ಶಕರು ಈಗಾಗಲೇ ಹೇಳಿರುತ್ತಾರೆ.

ಪಠ್ಯದ ಒಳಗೆ ಉಲ್ಲೇಖಿಸುವಾಗ ಪುಟಸಂಖ್ಯೆ ಇಲ್ಲವೆಂದು ಕೈಚೆಲ್ಲಬೇಡಿ. ಉಪಶೀರ್ಷಿಕೆಯ ಹೆಸರು ಹೇಳಿ, ಅದರ ಕೆಳಗಿನ ಎಷ್ಟನೇ ಪ್ಯಾರಾ ಎಂದು ಎಣಿಸಿ ಬರೆಯಬಹುದು. ಮುದ್ರಿಸಿದಾಗ ಬರುವ ಪುಟಸಂಖ್ಯೆಯನ್ನು ಕೊಡಬೇಡಿ. ಕಾಗದದ ಅಳತೆ, ಅಕ್ಷರದ ಗಾತ್ರ ಬದಲಾದರೆ ಅದೂ ಬದಲಾಗುತ್ತದೆ.

ಈಗ ತೆರೆಯದ ಲಿಂಕ್‌ಗಳ ಮಾತು. ಮೊದಲು ವಿಳಾಸವನ್ನು ಬರೆದುಕೊಳ್ಳುವಾಗ ಅಕ್ಷರ ತಪ್ಪಿಲ್ಲವೇ, ಸಾಲಿನ ಕೊನೆಯಲ್ಲಿ ಅಡ್ಡಗೆರೆ ಅಥವಾ ಪೂರ್ಣವಿರಾಮ ಸೇರಿಕೊಂಡಿಲ್ಲವೇ ನೋಡಿ. ಸತ್ತಿವೆ ಎಂದುಕೊಂಡ ಲಿಂಕ್‌ಗಳಲ್ಲಿ ಕೆಲವು ಇಷ್ಟರಿಂದಲೇ ಬದುಕುತ್ತವೆ. ನಂತರ ವಿಳಾಸವನ್ನು ವೇಬ್ಯಾಕ್ ಮಷಿನ್‌ನಲ್ಲಿ ಹಾಕಿ, ನೀವು ಓದಿದ ಕಾಲಕ್ಕೆ ಹತ್ತಿರದ ಪ್ರತಿಯನ್ನು ತೆರೆಯಿರಿ. ನೀವು ಕೇಳಿದ ದಿನದ ಪ್ರತಿ ಇಲ್ಲದಿದ್ದರೆ ಅದು ಹತ್ತಿರದ ಇನ್ನೊಂದು ದಿನದ ಪ್ರತಿಗೆ ಕರೆದೊಯ್ಯುತ್ತದೆ. ಆದ್ದರಿಂದ ತೆರೆದ ಪ್ರತಿಯ ದಿನಾಂಕವನ್ನು ವಿಳಾಸದಲ್ಲಿ ಓದಿಕೊಂಡು, ಆ ದಿನಾಂಕವನ್ನೇ ನಮೂದಿಸಿ. ಅಲ್ಲಿಯೂ ಇಲ್ಲವಾದರೆ ಪುಟದ ಶೀರ್ಷಿಕೆಯನ್ನೋ ನೀವು ಬರೆದುಕೊಂಡ ವಾಕ್ಯವೊಂದನ್ನೋ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ತಾಣಗಳು ಹೊಸ ರೂಪ ಪಡೆದಾಗ ಹಳೆಯ ಬರಹಗಳು ಹೊಸ ವಿಳಾಸಗಳಿಗೆ ಹೋಗಿರುತ್ತವೆ. ಸಂಸ್ಥೆಯ ಪುಟವಾಗಿದ್ದರೆ ಪತ್ರ ಬರೆದು ಕೇಳಿ. ಅಂಥ ಪತ್ರಕ್ಕೆ ಉತ್ತರವಾಗಿ ಹಳೆಯ ದಾಖಲೆಯ ಪ್ರತಿಯೇ ನನ್ನ ಕೈಸೇರಿದ್ದುಂಟು.

ಇಷ್ಟೆಲ್ಲ ಮಾಡಿಯೂ ಸಿಗದ ಪುಟಗಳು ಉಳಿದರೆ, ಅವು ಯಾವ ಮಾತಿಗೆ ಆಧಾರವಾಗಿವೆ ಎಂಬುದನ್ನು ನೋಡಬೇಕು. ನಿಮ್ಮಲ್ಲಿ ಆಗಲೇ ಉಳಿಸಿದ ಪ್ರತಿ ಇದ್ದರೆ, ಮೂಲ ಪುಟ ಈಗ ಲಭ್ಯವಿಲ್ಲ, ಪ್ರತಿ ಈ ಪ್ರಬಂಧದ ಲೇಖಕರ ಬಳಿ ಇದೆ ಎಂದು ಅಡಿಟಿಪ್ಪಣಿಯಲ್ಲಿ ಹೇಳಿ, ಆ ಪ್ರತಿಯನ್ನು ಅನುಬಂಧಕ್ಕೆ ಸೇರಿಸಬಹುದೇ ಎಂದು ಮಾರ್ಗದರ್ಶಕರನ್ನು ಕೇಳಿ. ಪ್ರತಿ ಇಲ್ಲ, ಆದರೆ ಅದೇ ಸಂಗತಿ ಬೇರೊಂದು ವಿಶ್ವಾಸಾರ್ಹ ಆಕರದಲ್ಲಿದೆ ಎಂದಾದರೆ ಆ ಆಕರವನ್ನು ಓದಿ ಅದನ್ನೇ ಉಲ್ಲೇಖಿಸಿ. ಎರಡೂ ಇಲ್ಲವಾದರೆ ಆ ವಾಕ್ಯವನ್ನು ಪ್ರಬಂಧದಿಂದ ತೆಗೆಯಿರಿ. ಕಷ್ಟವಾಗುತ್ತದೆಂದು ಬಲ್ಲೆ, ವಾರಗಳ ಶ್ರಮ ಅದರ ಹಿಂದಿರುತ್ತದೆ. ಆದರೆ ಪರೀಕ್ಷಕರು ಕೇಳಿದಾಗ ತೋರಿಸಲಾಗದ ಆಧಾರದ ಮೇಲೆ ನಿಂತ ವಾಕ್ಯ ಅದರ ಅಕ್ಕಪಕ್ಕದ ಗಟ್ಟಿ ವಾಕ್ಯಗಳ ಮೇಲೂ ಅನುಮಾನ ತರುತ್ತದೆ. ಖಾಲಿ ಜಾಗ ತುಂಬಲು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಕೇಳಿ ಆಕರ ಪಡೆಯುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಅವು ಅಸ್ತಿತ್ವದಲ್ಲೇ ಇಲ್ಲದ ಲೇಖನಗಳಿಗೆ ನಂಬುವಂಥ ಶೀರ್ಷಿಕೆ, ಲೇಖಕ, ವರ್ಷಗಳನ್ನು ಹೆಣೆದು ಕೊಡುತ್ತವೆ; 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು ಹೀಗೆ ಹುಟ್ಟಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ನೀವು ತೆರೆದು ಓದದ ಯಾವುದೂ ನಿಮ್ಮ ಆಕರಸೂಚಿಯಲ್ಲಿ ಇರಕೂಡದು.

ಸಮಯ ಕಡಿಮೆ ಇದ್ದರೆ ಅಕಾರಾದಿಯಾಗಿ ಮೊದಲ ನಮೂದಿನಿಂದ ಆರಂಭಿಸಬೇಡಿ. ಅಧ್ಯಾಯಗಳನ್ನು ತೆರೆದು, ನಿಮ್ಮ ಮುಖ್ಯ ವಾದ ಯಾವ ಪುಟಗಳ ಮೇಲೆ ನಿಂತಿದೆಯೋ ಅವನ್ನು ಗುರುತು ಮಾಡಿ. ಹತ್ತೋ ಹನ್ನೆರಡೋ ಇರಬಹುದು. ಇಂದು ರಾತ್ರಿಯೇ ಅವುಗಳ ಸಂಗ್ರಹಪ್ರತಿ ಮಾಡಿ, ಉಳಿದವನ್ನು ನಾಳೆಯಿಂದ ನೋಡಬಹುದು.